ಗ್ರಾಜುಯೇಟ್ ವೀಸಾ ಮುಗಿಯುವ ಮುನ್ನ ಸ್ಕಿಲ್ಡ್ ವರ್ಕರ್ ವೀಸಾ ಪಡೆಯಲು ಚಿಕ್ಕ ಕಂಪನಿಯೊಂದನ್ನು ಒಪ್ಪಿಸುವುದು ಹೇಗೆ?

ಪ್ರಶ್ನೆ: ತುಂಗಭದ್ರಾತೀರ, ಫೆಬ್ರವರಿ 2026

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಊರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ಕೆಲಕಾಲ ಬೆಂಗಳೂರಿನಲ್ಲಿ ದುಡಿದು, 2023ರಲ್ಲಿ ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಸ್ಟ್ರಕ್ಚರಲ್ ಎಂಜಿನಿಯರಿಂಗ್‌ನಲ್ಲಿ ಎಂ.ಎಸ್‌ಸಿ. ಮಾಡಿದೆ. 2024ರ ನವೆಂಬರಿನಲ್ಲಿ ನನಗೆ ಎರಡು ವರ್ಷದ ಗ್ರಾಜುಯೇಟ್ ವೀಸಾ (ಇಲ್ಲಿ ಓದು ಮುಗಿಸಿದವರು ಸ್ಪಾನ್ಸರ್ ಇಲ್ಲದೆ ದುಡಿಯಬಹುದಾದ ವೀಸಾ) ದೊರೆಯಿತು, ಅದು ಈ ವರ್ಷದ ನವೆಂಬರಿಗೆ ಮುಗಿಯುತ್ತದೆ. ಈಗ ಇಪ್ಪತ್ತು ಜನರಿರುವ ಒಂದು ಕನ್ಸಲ್ಟೆನ್ಸಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಹಳೆಯ ಗಿರಣಿ ಕಟ್ಟಡಗಳನ್ನು ಮನೆಗಳಾಗಿ ಪರಿವರ್ತಿಸುವ ಯೋಜನೆಗಳಿಗೆ ಉಕ್ಕಿನ ಚೌಕಟ್ಟು ಮತ್ತು ಅಡಿಪಾಯಗಳ ಲೆಕ್ಕಾಚಾರ ಮಾಡಿಕೊಡುವುದು ನನ್ನ ಹೊಣೆ. ಕೆಲಸ ಇಷ್ಟವಾಗಿದೆ, ನಿರ್ದೇಶಕರಿಗೂ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯವಿದೆ.

ತೊಡಕೆಂದರೆ, ಮುಂದೆ ಬೇಕಾಗುವ ಸ್ಕಿಲ್ಡ್ ವರ್ಕರ್ ವೀಸಾಗೆ ಕಂಪನಿಯೇ ನೌಕರರನ್ನು ಪ್ರಾಯೋಜಿಸಬೇಕು, ಅಂದರೆ ಸ್ಪಾನ್ಸರ್ ಮಾಡಬೇಕು, ಆದರೆ ಈ ಕಂಪನಿಗೆ ಅದರ ಪರವಾನಗಿ ಇಲ್ಲ. ಇದುವರೆಗೆ ಅವರು ಯಾರಿಗೂ ವೀಸಾ ಸ್ಪಾನ್ಸರ್ ಮಾಡಿಲ್ಲ. ಕಳೆದ ವಾರ ನಾನು ಮಾತೆತ್ತಿದಾಗ ನಿರ್ದೇಶಕರು ನಿರಾಕರಿಸಲಿಲ್ಲ. ಆದರೆ ಖರ್ಚು ಎಷ್ಟು, ಕಾನೂನಿನ ಹೊಣೆ ಎಂಥದ್ದು, ಎಷ್ಟು ಸಮಯ ಬೇಕು ಎಂಬುದನ್ನು ಬರಹದಲ್ಲಿ ಕೊಡು ಎಂದು ಕೇಳಿದರು. ನನ್ನ ಈಗಿನ ಸಂಬಳ ವರ್ಷಕ್ಕೆ 31,500 ಪೌಂಡ್. ಸ್ಕಿಲ್ಡ್ ವರ್ಕರ್ ವೀಸಾಗೆ 41,700 ಪೌಂಡ್ ಬೇಕೆಂದು ಕೆಲವರು ಹೇಳುತ್ತಾರೆ, 33,400 ಸಾಕೆಂದು ಇನ್ನು ಕೆಲವರು. ಯಾವುದು ಸರಿ? ನನಗೆ ಈಗ 27 ವರ್ಷ.

ಇನ್ನೊಂದು ವಿಷಯವನ್ನೂ ಸೇರಿಸಿ ಹೇಳಬೇಕು. ಮೇ ತಿಂಗಳಲ್ಲಿ ಊರಿನಲ್ಲಿ ನನ್ನ ಮದುವೆ ನಿಶ್ಚಯವಾಗಿದೆ. ಗ್ರಾಜುಯೇಟ್ ವೀಸಾದ ಮೇಲೆ ಹೊಸದಾಗಿ ಗಂಡನನ್ನು ಕರೆಸಿಕೊಳ್ಳಲು ಆಗುವುದಿಲ್ಲವೆಂದು ಓದಿದ್ದೇನೆ. ಸ್ಕಿಲ್ಡ್ ವರ್ಕರ್ ವೀಸಾ ಸಿಕ್ಕರೆ ಆಗುತ್ತದೆಯೇ? ಮದುವೆಗೆ ಹೋಗಿಬರುವ ಹೊತ್ತಿಗೂ ವೀಸಾ ಅರ್ಜಿಯ ಹೊತ್ತಿಗೂ ಘರ್ಷಣೆಯಾಗದಂತೆ ಹೇಗೆ ಯೋಜಿಸಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ. ಶಿಕ್ಷಣ ಸಾಲ ಇನ್ನೂ ಬಹಳಷ್ಟು ಬಾಕಿ ಇರುವುದರಿಂದ ಈ ನಿರ್ಧಾರ ನನ್ನೊಬ್ಬಳದಷ್ಟೇ ಅಲ್ಲ, ಮನೆಯವರೆಲ್ಲರ ಕಣ್ಣು ಇದರ ಮೇಲಿದೆ.

ಉತ್ತರ: ಬಯಲುಸೀಮೆ

ನಾನು ಇಲ್ಲಿನ ಮಧ್ಯಮ ಗಾತ್ರದ ಕಂಪನಿಯೊಂದರ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ಸ್ಪಾನ್ಸರ್ ಪರವಾನಗಿಯ ವ್ಯವಹಾರವನ್ನು ನೋಡಿಕೊಳ್ಳುವುದು ನನ್ನ ಕೆಲಸದ ಭಾಗವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಸಂಬಳದ ಮಾತು. ನೀವು ಕೇಳಿದ ಎರಡೂ ಅಂಕಿಗಳು ಸರಿಯಾದವೇ, ಆದರೆ ಬೇರೆ ಬೇರೆ ಜನರಿಗೆ ಅನ್ವಯಿಸುತ್ತವೆ. 2025ರ ಜುಲೈ 22ರಿಂದ ಸಾಮಾನ್ಯ ಕನಿಷ್ಠ ಸಂಬಳ 41,700 ಪೌಂಡ್, ಅಥವಾ ಆ ವೃತ್ತಿಗೆ ಹೋಮ್ ಆಫೀಸ್ (ವಲಸೆಯನ್ನು ನೋಡಿಕೊಳ್ಳುವ ಇಲ್ಲಿನ ಗೃಹ ಇಲಾಖೆ) ನಿಗದಿಪಡಿಸಿರುವ ಗೋಯಿಂಗ್ ರೇಟ್ ಎಂಬ ಸಂಬಳದ ದರ, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಆದರೆ ‘ನ್ಯೂ ಎಂಟ್ರಂಟ್’ ಎಂಬ ವರ್ಗಕ್ಕೆ ಸೇರುವವರಿಗೆ 33,400 ಪೌಂಡ್, ಅಥವಾ ಗೋಯಿಂಗ್ ರೇಟ್‌ನ ಶೇಕಡಾ 70, ಇವೆರಡರಲ್ಲಿ ಹೆಚ್ಚಿನದು ಸಾಕು. ಅರ್ಜಿ ಹಾಕುವ ದಿನ 26 ವರ್ಷ ತುಂಬದವರು ಈ ವರ್ಗಕ್ಕೆ ಬರುತ್ತಾರೆ. ನಿಮಗೆ ಆ ವಯಸ್ಸು ದಾಟಿದ್ದರೂ ಚಿಂತೆಯಿಲ್ಲ, ಏಕೆಂದರೆ ಗ್ರಾಜುಯೇಟ್ ವೀಸಾದಿಂದ ಬದಲಾಗುವವರಿಗೂ ಅದೇ ರಿಯಾಯಿತಿ ಇದೆ. ಹಾಗಾಗಿ ನಿಮ್ಮ ಸಂಬಳ 1,900 ಪೌಂಡ್ ಏರಿದರೆ ಮೊದಲ ಅಳತೆಯನ್ನು ಮುಟ್ಟುತ್ತೀರಿ. ಎರಡನೆಯ ಅಳತೆಗೆ ನಿಮ್ಮ ವೃತ್ತಿಯ ಸಂಕೇತ ಸಂಖ್ಯೆ ಯಾವುದೆಂದು ಖಚಿತಪಡಿಸಿಕೊಂಡು, ಸರ್ಕಾರದ ಪಟ್ಟಿಯಲ್ಲಿ ಅದರ ದರವನ್ನು ನೀವೇ ನೋಡಿ. ಆ ದರವನ್ನು ವಾರಕ್ಕೆ 37.5 ಗಂಟೆಯ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ನಿಮ್ಮ ಒಪ್ಪಂದದಲ್ಲಿ 40 ಗಂಟೆ ಎಂದಿದ್ದರೆ ದರವೂ ಅದೇ ಪ್ರಮಾಣದಲ್ಲಿ ಏರುತ್ತದೆ. ಬೋನಸ್, ಪ್ರಯಾಣ ಭತ್ಯೆ ಮೊದಲಾದವು ಲೆಕ್ಕಕ್ಕೆ ಬರುವುದಿಲ್ಲ, ಖಾತರಿಯಾದ ಮೂಲ ಸಂಬಳ ಮಾತ್ರ ಬರುತ್ತದೆ.

ಇಲ್ಲಿ ಬಹಳ ಜನ ಗಮನಿಸದೆ ಬಿಡುವ ಒಂದು ಮಿತಿ ಇದೆ. ನ್ಯೂ ಎಂಟ್ರಂಟ್ ರಿಯಾಯಿತಿಯನ್ನು ಒಟ್ಟು ನಾಲ್ಕು ವರ್ಷ ಮಾತ್ರ ಬಳಸಬಹುದು, ಮತ್ತು ಆ ನಾಲ್ಕು ವರ್ಷದೊಳಗೆ ನೀವು ಗ್ರಾಜುಯೇಟ್ ವೀಸಾದ ಮೇಲೆ ಕಳೆದ ಕಾಲವೂ ಸೇರುತ್ತದೆ. ನಿಮ್ಮ ಗ್ರಾಜುಯೇಟ್ ವೀಸಾ 2024ರ ನವೆಂಬರಿನಲ್ಲಿ ಆರಂಭವಾಗಿರುವುದರಿಂದ ನಿಮ್ಮ ನಾಲ್ಕು ವರ್ಷ 2028ರ ನವೆಂಬರಿಗೆ ಮುಗಿಯುತ್ತದೆ. ಈ ವರ್ಷದ ಜುಲೈನಲ್ಲೋ ಆಗಸ್ಟ್‌ನಲ್ಲೋ ನೀವು ಬದಲಾದರೆ ಉಳಿಯುವುದು ಎರಡು ವರ್ಷಕ್ಕಿಂತ ತುಸು ಹೆಚ್ಚು ಕಾಲವಷ್ಟೇ. ಈ ನಿಯಮದ ಪರಿಚಯವಿಲ್ಲದ ಕಂಪನಿಯೊಂದು ಒಳ್ಳೆಯ ಮನಸ್ಸಿನಿಂದಲೇ ಮೂರು ವರ್ಷಕ್ಕೆ ಸ್ಪಾನ್ಸರ್ ಮಾಡಿಬಿಟ್ಟರೆ, ಒಟ್ಟು ಅವಧಿ ನಾಲ್ಕು ವರ್ಷ ಮೀರುವುದರಿಂದ ರಿಯಾಯಿತಿಯೇ ಸಿಗದೆ ಅರ್ಜಿ ತಿರಸ್ಕೃತವಾಗುತ್ತದೆ. ಆದ್ದರಿಂದ ಎರಡು ವರ್ಷಕ್ಕೆ ಮಾತ್ರ ಕೇಳಿ, ಅದಕ್ಕಿಂತ ಒಂದು ದಿನವೂ ಹೆಚ್ಚು ಬೇಡ. ಆ ಎರಡು ವರ್ಷ ಮುಗಿಯುವ ಹೊತ್ತಿಗೆ ನಿಮಗೆ ಪೂರ್ಣ ದರದ ಸಂಬಳ ಕೊಡಲು ಕಂಪನಿ ಸಿದ್ಧವಿದೆಯೇ ಎಂಬುದೂ ಇಂದೇ ಮಾತಾಗಬೇಕಾದ ವಿಷಯ. ಅದಿಲ್ಲದಿದ್ದರೆ 2028ರಲ್ಲಿ ನೀವು ಇದೇ ಜಾಗಕ್ಕೆ ಬಂದು ನಿಲ್ಲುತ್ತೀರಿ.

ಈಗ ನಿರ್ದೇಶಕರು ಕೇಳಿದ ಖರ್ಚು, 2026ರ ಫೆಬ್ರವರಿಯ ದರಗಳಲ್ಲಿ. ಚಿಕ್ಕ ಸಂಸ್ಥೆಗೆ ಪರವಾನಗಿ ಶುಲ್ಕ 574 ಪೌಂಡ್. ನಿಮ್ಮ ಹೆಸರಿನಲ್ಲಿ ಕೊಡುವ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್, ಅಂದರೆ ಎಲ್ಲರೂ ಸಿಒಎಸ್ ಎಂದು ಕರೆಯುವ ಆನ್‌ಲೈನ್ ದಾಖಲೆಗೆ 525 ಪೌಂಡ್. ಇವೆರಡರ ಮೇಲೆ ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್ ಎಂಬ ತೆರಿಗೆ ಇದೆ. 2025ರ ಡಿಸೆಂಬರ್ 16ರಿಂದ ಚಿಕ್ಕ ಸಂಸ್ಥೆಗೆ ಅದು ವರ್ಷಕ್ಕೆ 480 ಪೌಂಡ್, ದೊಡ್ಡ ಸಂಸ್ಥೆಗೆ 1,320 ಪೌಂಡ್. ಸ್ಟೂಡೆಂಟ್ ವೀಸಾದಿಂದ ನೇರವಾಗಿ ಬದಲಾಗುವವರ ವಿಷಯದಲ್ಲಿ ಈ ತೆರಿಗೆ ಇಲ್ಲ, ಗ್ರಾಜುಯೇಟ್ ವೀಸಾದಿಂದ ಬರುವವರಿಗೆ ಇದೆ. ಎರಡು ವರ್ಷಕ್ಕೆ ಒಟ್ಟುಗೂಡಿಸಿದರೆ ನಿಮ್ಮ ಕಂಪನಿಗೆ ತಗಲುವುದು 2,059 ಪೌಂಡ್. ಒಬ್ಬ ಎಂಜಿನಿಯರನ್ನು ಹುಡುಕಲು ನೇಮಕಾತಿ ಏಜೆನ್ಸಿಗೆ ಕೊಡುವ ಕಮಿಷನ್ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚಿರುತ್ತದೆ, ಈ ಹೋಲಿಕೆಯನ್ನು ನಿಮ್ಮ ಪತ್ರದಲ್ಲಿ ಸಂಕೋಚವಿಲ್ಲದೆ ಬರೆಯಿರಿ. ನಿಮ್ಮ ಪಾಲಿಗೆ ಬರುವುದು, ದೇಶದೊಳಗಿನಿಂದ ಮೂರು ವರ್ಷದವರೆಗಿನ ಅರ್ಜಿಗೆ 885 ಪೌಂಡ್ ಮತ್ತು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಗಾಗಿ ಕಟ್ಟುವ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡಿನಂತೆ 2,070, ಒಟ್ಟು 2,955 ಪೌಂಡ್. ರೂಪಾಯಿಯಲ್ಲಿ ಇದು ಮೂರು ಲಕ್ಷವನ್ನು ಮೀರುತ್ತದೆ, ಮತ್ತು ಸರ್‌ಚಾರ್ಜನ್ನು ಅರ್ಜಿಯ ದಿನವೇ ಇಡಿಯಾಗಿ ಕಟ್ಟಬೇಕು. ಶುಲ್ಕಗಳು ಏಪ್ರಿಲ್‌ನಲ್ಲಿ ಬದಲಾಗುವ ರೂಢಿಯಿದೆ, ಹಾಗಾಗಿ ಅರ್ಜಿಯ ಹಿಂದಿನ ವಾರ ಮತ್ತೊಮ್ಮೆ ಪರಿಶೀಲಿಸಿ.

ಹೊಣೆಯ ವಿಷಯದಲ್ಲಿ ನಿರ್ದೇಶಕರಿಗೆ ಅಂಜಿಕೆ ಇರುವುದು ಸಹಜ. ಅವರು ಸರ್ಕಾರದ ಮುಂದೆ ಒಪ್ಪಿಕೊಳ್ಳುವುದು ಇಷ್ಟು: ನಿಮ್ಮ ದಾಖಲೆಗಳನ್ನು ಸರಿಯಾಗಿ ಇಟ್ಟುಕೊಳ್ಳುವುದು, ನೀವು ಅನುಮತಿಯಿಲ್ಲದೆ ಸತತ ಹತ್ತು ಕೆಲಸದ ದಿನ ಗೈರಾದರೆ, ಕೆಲಸ ಬಿಟ್ಟರೆ ಅಥವಾ ಸಂಬಳ ಇಳಿದರೆ ಹತ್ತು ಕೆಲಸದ ದಿನಗಳೊಳಗೆ ವರದಿ ಮಾಡುವುದು, ಅಧಿಕಾರಿಗಳು ಪರಿಶೀಲನೆಗೆ ಬಂದರೆ ಎಲ್ಲವನ್ನೂ ತೋರಿಸುವುದು. ಸಂಬಳಪಟ್ಟಿಯನ್ನು ಶಿಸ್ತಾಗಿ ಇಟ್ಟುಕೊಂಡಿರುವ ಯಾವ ಕಂಪನಿಗೂ ಇದು ಹೊರೆಯಲ್ಲ. ಪರವಾನಗಿಯನ್ನು ನಾಲ್ಕು ವರ್ಷಕ್ಕೊಮ್ಮೆ ನವೀಕರಿಸಬೇಕೆಂಬ ಹಳೆಯ ನಿಯಮವೂ 2024ರ ಏಪ್ರಿಲ್‌ನಲ್ಲಿ ಹೋಗಿದೆ.

ಅರ್ಜಿ ಹಾಕಿದ ಮೇಲೆ ಬಹುಪಾಲು ಪರವಾನಗಿಗಳ ತೀರ್ಮಾನ ಎಂಟು ವಾರದೊಳಗೆ ಆಗುತ್ತದೆ. ಆನ್‌ಲೈನ್ ಅರ್ಜಿಯ ನಂತರ ಐದು ಕೆಲಸದ ದಿನಗಳಲ್ಲಿ ಪೂರಕ ದಾಖಲೆಗಳು ತಲುಪಬೇಕು, ಇದನ್ನು ತಪ್ಪಿಸಿಕೊಂಡರೆ ಎಲ್ಲವೂ ಮೊದಲಿನಿಂದ. ಇನ್ನೊಂದು ಸೂಕ್ಷ್ಮ: ದೇಶದೊಳಗೆ ವೀಸಾ ಬದಲಿಸುವವರಿಗೆ ಬೇಕಾದದ್ದು ‘ಅನ್‌ಡಿಫೈನ್ಡ್’ ಸಿಒಎಸ್. ಪರವಾನಗಿ ಅರ್ಜಿಯಲ್ಲಿಯೇ ವರ್ಷಕ್ಕೆ ಇಂಥ ಸಿಒಎಸ್ ಎಷ್ಟು ಬೇಕು ಎಂದು ಕೇಳುತ್ತಾರೆ. ಅಲ್ಲಿ ಸೊನ್ನೆ ಬರೆದುಬಿಟ್ಟರೆ ಪರವಾನಗಿ ಬಂದ ಮೇಲೂ ಪ್ರತ್ಯೇಕ ಕೋರಿಕೆ ಸಲ್ಲಿಸಿ ಕಾಯಬೇಕಾಗುತ್ತದೆ. ಕನಿಷ್ಠ ಒಂದಾದರೂ ನಮೂದಿಸಲು, ಕಾರಣವಾಗಿ ನಿಮ್ಮ ಪ್ರಕರಣವನ್ನೇ ವಿವರಿಸಲು ಹೇಳಿ.

ಉತ್ತರ: ಹುಬ್ಬಳ್ಳಿಯಿಂದ ಬರ್ಮಿಂಗ್‌ಹ್ಯಾಮ್‌ಗೆ

ಬಯಲುಸೀಮೆಯವರು ಲೆಕ್ಕವನ್ನು ಸ್ಪಷ್ಟವಾಗಿ ಕೊಟ್ಟಿದ್ದಾರೆ. ನಾನೂ ಸ್ಟ್ರಕ್ಚರಲ್ ಎಂಜಿನಿಯರ್ ಆಗಿರುವುದರಿಂದ ನಮ್ಮ ವೃತ್ತಿಗೆ ಸಂಬಂಧಿಸಿದ ಎರಡು ಮಾತು ಸೇರಿಸುತ್ತೇನೆ, ಒಂದು ವಿಷಯದಲ್ಲಿ ಅವರಿಗಿಂತ ಭಿನ್ನವಾದ ಸಲಹೆಯನ್ನೂ ಕೊಡುತ್ತೇನೆ.

ಚಿಕ್ಕ ಕನ್ಸಲ್ಟೆನ್ಸಿಗಳಲ್ಲಿ ಎಲ್ಲರೂ ಎಲ್ಲವನ್ನೂ ಮಾಡುತ್ತಾರೆ. ಬೆಳಿಗ್ಗೆ ತೊಲೆಯ ಲೆಕ್ಕ ಮಾಡಿದವರೇ ಮಧ್ಯಾಹ್ನ ನಕ್ಷೆ ತಿದ್ದುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಒಪ್ಪಂದದಲ್ಲಿ ನಿಮ್ಮ ಹುದ್ದೆಯ ಹೆಸರು ಟೆಕ್ನಿಷಿಯನ್ ಎಂದೋ ಡ್ರಾಫ್ಟಿಂಗ್ ಸಹಾಯಕಿ ಎಂದೋ ಇದ್ದರೆ ಅದನ್ನು ಈಗಲೇ ಗಮನಿಸಬೇಕು. 2025ರ ಜುಲೈ 22ರ ನಂತರ ಹೊಸದಾಗಿ ಈ ವೀಸಾಗೆ ಬರುವವರ ಹುದ್ದೆ ಸಾಮಾನ್ಯವಾಗಿ ಪದವಿ ಮಟ್ಟದ್ದಾಗಿರಬೇಕು. ಸಿವಿಲ್ ಎಂಜಿನಿಯರ್ ಹುದ್ದೆ ಆ ಮಟ್ಟದ್ದು. ಅದಕ್ಕಿಂತ ಕೆಳಗಿನ ಹಂತದ ಹುದ್ದೆಗಳು ಕೆಲವು ತಾತ್ಕಾಲಿಕ ಪಟ್ಟಿಗಳಲ್ಲಿದ್ದರೆ ಮಾತ್ರ ಸಾಧ್ಯ, ಮತ್ತು ಆ ದಾರಿಯಲ್ಲಿ ಹೊಸದಾಗಿ ಬರುವವರು ಸಂಗಾತಿಯನ್ನು ಕರೆತರುವಂತಿಲ್ಲ. ಮೇ ತಿಂಗಳಲ್ಲಿ ಮದುವೆಯಾಗುತ್ತಿರುವ ನಿಮಗೆ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ. ಹಾಗೆಂದು ಕೆಲಸ ಒಂದಿದ್ದು ಹೆಸರು ಮಾತ್ರ ಬದಲಿಸುವುದು ಸಲ್ಲದು, ಹುದ್ದೆ ನಿಜವಾದುದೇ ಎಂದು ಹೋಮ್ ಆಫೀಸ್ ಪರೀಕ್ಷಿಸುತ್ತದೆ. ನೀವು ಮಾಡುತ್ತಿರುವುದು ಎಂಜಿನಿಯರ್ ಕೆಲಸವೇ ಆಗಿರುವುದರಿಂದ, ನೀವು ಸಿದ್ಧಪಡಿಸಿದ ಲೆಕ್ಕಪತ್ರಗಳು, ನೀವು ಹೊಣೆ ಹೊತ್ತ ಯೋಜನೆಗಳು ಯಾವುವು ಎಂಬುದನ್ನು ಹುದ್ದೆಯ ವಿವರಣೆಯಲ್ಲಿ ಇದ್ದದ್ದು ಇದ್ದ ಹಾಗೆ ಬರೆಸಿ.

ಎರಡನೆಯದು ಚಾರ್ಟರ್ಡ್ ಸದಸ್ಯತ್ವ, ಅಂದರೆ ನುರಿತ ಎಂಜಿನಿಯರ್ ಎಂದು ವೃತ್ತಿಸಂಸ್ಥೆ ಕೊಡುವ ಮಾನ್ಯತೆ. ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಎಂಜಿನಿಯರ್ಸ್ ಅಥವಾ ಇನ್‌ಸ್ಟಿಟ್ಯೂಷನ್ ಆಫ್ ಸ್ಟ್ರಕ್ಚರಲ್ ಎಂಜಿನಿಯರ್ಸ್‌ನಲ್ಲಿ ನೋಂದಾಯಿಸಿಕೊಂಡು ಚಾರ್ಟರ್ಡ್ ಆಗುವತ್ತ ಕೆಲಸ ಆರಂಭಿಸಿದ್ದೀರಾ? ಇಲ್ಲವಾದರೆ ಈ ತಿಂಗಳೇ ಆರಂಭಿಸಿ. ಚಾರ್ಟರ್ಡ್ ಅರ್ಹತೆಯತ್ತ ಸಾಗುತ್ತಿರುವವರೂ ನ್ಯೂ ಎಂಟ್ರಂಟ್ ವರ್ಗಕ್ಕೆ ಬರುತ್ತಾರೆ. ನಾಲ್ಕು ವರ್ಷದ ಮಿತಿಯನ್ನು ಅದು ಹಿಗ್ಗಿಸುವುದಿಲ್ಲ, ನಿಜ. ಆದರೆ ನಮ್ಮ ಕ್ಷೇತ್ರದಲ್ಲಿ ಚಾರ್ಟರ್ಡ್ ಆದವರ ಸಂಬಳಕ್ಕೂ ಆಗದವರ ಸಂಬಳಕ್ಕೂ ಇರುವ ಅಂತರವೇ 2028ರಲ್ಲಿ ನಿಮ್ಮನ್ನು 41,700ರ ಗೆರೆಯ ಆಚೆ ದಾಟಿಸಬಲ್ಲದು. ಎರಡು ವರ್ಷದಲ್ಲಿ ಪೂರ್ಣಗೊಳ್ಳದಿದ್ದರೂ ಅರ್ಧ ದಾರಿ ಸಾಗಿದ ಎಂಜಿನಿಯರನ್ನು ಕಳೆದುಕೊಳ್ಳಲು ಯಾವ ಕಂಪನಿಯೂ ಬಯಸುವುದಿಲ್ಲ.

ನನ್ನ ಭಿನ್ನ ಅಭಿಪ್ರಾಯ ಇದು. ಈ ಕಂಪನಿಯೊಂದನ್ನೇ ನಂಬಿ ಕುಳಿತುಕೊಳ್ಳಬೇಡಿ. ಪರವಾನಗಿ ಪಡೆದ ಸಂಸ್ಥೆಗಳ ಪೂರ್ಣ ಪಟ್ಟಿಯನ್ನು ಸರ್ಕಾರ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ, ಮೇಲಿಂದ ಮೇಲೆ ಪರಿಷ್ಕರಿಸುತ್ತದೆ. ಅದರಲ್ಲಿ ಊರಿನ ಹೆಸರಿರುತ್ತದೆ, ಯಾವ ಬಗೆಯ ಪರವಾನಗಿ ಎಂದಿರುತ್ತದೆ. ಲೀಡ್ಸ್, ಶೆಫೀಲ್ಡ್, ಮ್ಯಾಂಚೆಸ್ಟರ್ ಸುತ್ತಲಿನ ಎಂಜಿನಿಯರಿಂಗ್ ಸಂಸ್ಥೆಗಳನ್ನು ಅದರಿಂದ ಆರಿಸಿಕೊಂಡು ಮಾರ್ಚ್‌ನಿಂದಲೇ ಅರ್ಜಿ ಹಾಕಿ. ದೊಡ್ಡ ಸಂಸ್ಥೆಗಳಲ್ಲಿ ಪರವಾನಗಿ ಮೊದಲೇ ಇರುತ್ತದೆ, ಸಂಬಳವೂ ಗೆರೆಯ ಹತ್ತಿರ ಇರುತ್ತದೆ, ಚಾರ್ಟರ್ಡ್ ಆಗಲು ಮಾರ್ಗದರ್ಶಕರೂ ಸಿಗುತ್ತಾರೆ. ನಿಮ್ಮ ನಿರ್ದೇಶಕರ ಒಳ್ಳೆಯತನದ ಮೇಲೆ ನನಗೆ ಅನುಮಾನವಿಲ್ಲ. ಆದರೆ ಇಪ್ಪತ್ತು ಜನರ ಕಂಪನಿಗೆ ಒಂದು ದೊಡ್ಡ ಯೋಜನೆ ಕೈತಪ್ಪಿದರೂ ಮೊದಲು ನಿಲ್ಲುವುದು ಸಂಬಳ ಏರಿಕೆ, ಮತ್ತು ಸ್ಪಾನ್ಸರ್ ಆದ ನೌಕರನ ಕೆಲಸ ಹೋದರೆ ಹೋಮ್ ಆಫೀಸ್ ವೀಸಾವನ್ನು ಮೊಟಕುಗೊಳಿಸಿ ಸಾಮಾನ್ಯವಾಗಿ 60 ದಿನಗಳ ಗಡುವನ್ನಷ್ಟೇ ಕೊಡುತ್ತದೆ. ಆ ಅವಧಿಯೊಳಗೆ ಹೊಸ ಸ್ಪಾನ್ಸರ್ ಸಿಗಬೇಕು, ಇಲ್ಲವೇ ಹೊರಡಬೇಕು.

ಉತ್ತರ: ಬಯಲುಸೀಮೆ

ಎರಡು ಕಡೆ ಪ್ರಯತ್ನಿಸಬೇಕೆಂಬ ಮಾತನ್ನು ನಾನು ಒಪ್ಪುತ್ತೇನೆ. ಆದರೆ ದೊಡ್ಡ ಸಂಸ್ಥೆಗಳೇ ಸುರಕ್ಷಿತ ಎಂಬುದನ್ನು ಪೂರ್ತಿ ಒಪ್ಪಲಾರೆ. ದೊಡ್ಡ ಸಂಸ್ಥೆಗಳಲ್ಲಿ ಹೊಸಬರ ಹುದ್ದೆಗಳಿಗೆ ಸ್ಪಾನ್ಸರ್ ಮಾಡುವುದಿಲ್ಲವೆಂಬ ನೀತಿ 2024ರ ಏಪ್ರಿಲ್‌ನಲ್ಲಿ ಸಂಬಳದ ಮಿತಿ 26,200ರಿಂದ 38,700ಕ್ಕೆ ಜಿಗಿದ ಮೇಲೆ ಹೆಚ್ಚು ಕಾಣುತ್ತಿದೆ. ಅರ್ಜಿಯ ಮೊದಲ ಪುಟದಲ್ಲಿಯೇ ‘ನಿಮಗೆ ಮುಂದೆ ಸ್ಪಾನ್ಸರ್‌ಶಿಪ್ ಬೇಕಾಗುತ್ತದೆಯೇ’ ಎಂಬ ಪ್ರಶ್ನೆಗೆ ಹೌದು ಎಂದವರನ್ನು ಮನುಷ್ಯರು ಓದುವ ಮುನ್ನವೇ ಬದಿಗಿಡುವ ಪದ್ಧತಿಯೂ ಇದೆ. ನಿಮ್ಮ ಕೆಲಸವನ್ನು ಒಂದು ವರ್ಷದಿಂದ ಕಣ್ಣಾರೆ ಕಂಡಿರುವ ಮಾಲೀಕರು ಖರ್ಚೆಷ್ಟು ಎಂದು ತಾವಾಗಿ ಕೇಳಿದ್ದಾರೆಂದರೆ, ಅದು ಪರವಾನಗಿ ಇರುವ ಅಪರಿಚಿತ ಕಂಪನಿಗಿಂತ ಹತ್ತಿರದ ಬಾಗಿಲು.

ಉತ್ತರ: ಕೊಡಚಾದ್ರಿ

ಒಂದು ಎಚ್ಚರಿಕೆಯನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ಇಂಥ ಪ್ರಶ್ನೆ ಕೇಳಿದವರ ಸಂದೇಶಪೆಟ್ಟಿಗೆಗೆ ‘ಸಿಒಎಸ್ ಕೊಡಿಸುತ್ತೇವೆ’ ಎನ್ನುವವರು ತಾವಾಗಿ ಬರುತ್ತಾರೆ. ನಾನು ಹೊಸದಾಗಿ ಬಂದ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಬಿಡುವಿನ ವೇಳೆಯಲ್ಲಿ ಸಹಾಯ ಮಾಡುತ್ತಿರುತ್ತೇನೆ. ಸಿಒಎಸ್‌ಗಾಗಿ ತಂದೆ ತೋಟ ಅಡವಿಟ್ಟು ಕಳುಹಿಸಿದ ದುಡ್ಡನ್ನು ಮಧ್ಯವರ್ತಿಗೆ ಕೊಟ್ಟು, ಕೊನೆಗೆ ಕೆಲಸವೂ ಇಲ್ಲದೆ ವೀಸಾವೂ ಇಲ್ಲದೆ ನಿಂತವರನ್ನು ನೋಡಿದಾಗ ಆಗುವ ಸಂಕಟ ದೊಡ್ಡದು.

ಸಿಒಎಸ್ ಮಾರಾಟದ ವಸ್ತುವಲ್ಲ. ಅದಕ್ಕೆ ನೌಕರನಿಂದ ಹಣ ಪಡೆಯುವ ಕಂಪನಿ ತನ್ನ ಪರವಾನಗಿಯನ್ನೇ ಅಪಾಯಕ್ಕೆ ಒಡ್ಡುತ್ತದೆ. ಪರವಾನಗಿ ರದ್ದಾದರೆ ಅದರಡಿ ಬಂದ ಎಲ್ಲರ ವೀಸಾಕ್ಕೂ ಕತ್ತರಿ ಬೀಳುತ್ತದೆ. ಇಲ್ಲದ ಹುದ್ದೆಯನ್ನು ಇದೆಯೆಂದು ಗೊತ್ತಿದ್ದೂ ತೋರಿಸಿ ಅರ್ಜಿ ಹಾಕಿದವರು ವಂಚನೆಯ ಆರೋಪಕ್ಕೆ ಗುರಿಯಾದರೆ ಮುಂದಿನ ಅರ್ಜಿಗಳು ಹತ್ತು ವರ್ಷದವರೆಗೆ ತಿರಸ್ಕೃತವಾಗಬಹುದು. ವಿಶೇಷವಾಗಿ ಆರೈಕೆ ಕ್ಷೇತ್ರದ ಕೆಲಸ ಕೊಡಿಸುತ್ತೇವೆಂದು ಕರ್ನಾಟಕದಲ್ಲಿ ಕುಳಿತು ಹೇಳುವವರನ್ನು ನಂಬಬೇಡಿ. ಆರೈಕೆ ಕಾರ್ಯಕರ್ತರನ್ನು ಹೊರದೇಶದಿಂದ ಹೊಸದಾಗಿ ನೇಮಿಸಿಕೊಳ್ಳುವುದನ್ನು 2025ರ ಜುಲೈ 22ರಿಂದಲೇ ನಿಲ್ಲಿಸಲಾಗಿದೆ.

ವಕೀಲರ ಸಲಹೆ ಬೇಕೆನಿಸಿದರೆ ಪಡೆಯಿರಿ, ಅದರಲ್ಲಿ ತಪ್ಪಿಲ್ಲ. ಇಲ್ಲಿ ವಲಸೆಯ ಬಗ್ಗೆ ಸಲಹೆ ಕೊಡುವುದು ನಿಯಂತ್ರಿತ ವೃತ್ತಿ. ಸಲಹೆಗಾರರು ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿತರಾಗಿರಬೇಕು, ಇಲ್ಲವೇ ಸಾಲಿಸಿಟರ್‌ನಂಥ ನಿಯಂತ್ರಿತ ಕಾನೂನು ವೃತ್ತಿಗೆ ಸೇರಿರಬೇಕು. 2025ರ ಜನವರಿಯವರೆಗೆ ಆ ಸಂಸ್ಥೆಯ ಹೆಸರು ಬೇರೆ ಇತ್ತು, ಹಳೆಯ ಬರಹಗಳಲ್ಲಿ ಒಐಎಸ್‌ಸಿ ಎಂದು ಕಾಣುತ್ತದೆ. ನೋಂದಣಿಯನ್ನು ಅವರ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು.

ಪ್ರಶ್ನಿಸಿದವರ ಮರುಮಾತು: ತುಂಗಭದ್ರಾತೀರ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಾಲ್ಕು ವರ್ಷದ ಮಿತಿಯ ವಿಷಯ ನನಗೆ ತಿಳಿದಿರಲಿಲ್ಲ. ನಿಮ್ಮ ಅಂಕಿಗಳನ್ನು ಒಂದೂವರೆ ಪುಟದ ಟಿಪ್ಪಣಿಯಾಗಿ ಬರೆದು ನಿರ್ದೇಶಕರಿಗೆ ಕೊಟ್ಟೆ. ಒಪ್ಪಂದದಲ್ಲಿ ನನ್ನ ಹುದ್ದೆ ಗ್ರಾಜುಯೇಟ್ ಸ್ಟ್ರಕ್ಚರಲ್ ಎಂಜಿನಿಯರ್ ಎಂದೇ ಇದೆ, ವಾರಕ್ಕೆ 37.5 ಗಂಟೆ. ಸಂಬಳವನ್ನು 34,000ಕ್ಕೆ ಏರಿಸಲು ಅವರು ಸಿದ್ಧರಿದ್ದಾರೆ. ಎರಡು ವರ್ಷದ ನಂತರದ ಸಂಬಳದ ಬಗ್ಗೆ ಚಾರ್ಟರ್ಡ್ ಪ್ರಗತಿಯನ್ನು ನೋಡಿ ಮಾತನಾಡೋಣ ಎಂದರು. ನಾನು ಸ್ಟ್ರಕ್ಚರಲ್ ಎಂಜಿನಿಯರ್ಸ್ ಸಂಸ್ಥೆಯ ಸದಸ್ಯತ್ವಕ್ಕೆ ಅರ್ಜಿಯನ್ನೂ ತುಂಬಿದ್ದೇನೆ.

ಒಂದು ಗೊಂದಲ ಉಳಿದಿದೆ. ಪರವಾನಗಿ ಮತ್ತು ಸಿಒಎಸ್‌ಗೆ ತಾವು ಕಟ್ಟುವ ಹಣವನ್ನು ಹನ್ನೆರಡು ತಿಂಗಳ ಕಂತಿನಲ್ಲಿ ನನ್ನ ಸಂಬಳದಿಂದ ಹಿಡಿದುಕೊಳ್ಳಬಹುದೇ ಎಂದು ಅವರ ಲೆಕ್ಕಿಗರು ಕೇಳಿದ್ದಾರೆ. ನನಗೆ ಅಭ್ಯಂತರವಿಲ್ಲ, ವೀಸಾ ಸಿಕ್ಕರೆ ಸಾಕು. ಒಪ್ಪಿಕೊಳ್ಳಲೇ? ಹಾಗೆಯೇ ಮದುವೆಯ ಪ್ರಯಾಣ ಮತ್ತು ಗಂಡನ ವೀಸಾದ ಬಗ್ಗೆಯೂ ತಿಳಿಸಿದರೆ ಉಪಕಾರವಾಗುತ್ತದೆ. ಐದು ವರ್ಷದ ನಂತರ ಖಾಯಂ ನಿವಾಸ ಸಿಗುತ್ತದೆಂಬುದು ಈಗಲೂ ನಿಜವೇ?

ಉತ್ತರ: ಬಯಲುಸೀಮೆ

ಒಪ್ಪಿಕೊಳ್ಳಬೇಡಿ. ನಿಮಗೆ ಅಭ್ಯಂತರವಿದೆಯೋ ಇಲ್ಲವೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಸ್ಕಿಲ್ಸ್ ಚಾರ್ಜನ್ನು ನೌಕರನಿಂದ ವಸೂಲು ಮಾಡುವುದು ಮೊದಲಿನಿಂದಲೂ ನಿಷಿದ್ಧ. 2024ರ ಡಿಸೆಂಬರ್ 31ರಿಂದ ಸ್ಕಿಲ್ಡ್ ವರ್ಕರ್‌ಗಳ ವಿಷಯದಲ್ಲಿ ಪರವಾನಗಿ ಶುಲ್ಕ ಮತ್ತು ಸಿಒಎಸ್ ಶುಲ್ಕವನ್ನೂ ನೌಕರನ ಮೇಲೆ ಹೇರುವಂತಿಲ್ಲ. ಹಾಗೆ ಮಾಡಿದರೆ ಪರವಾನಗಿ ರದ್ದಾಗುವ ದಾರಿ ತೆರೆಯುತ್ತದೆ. ಸಂಬಳದಿಂದ ಇಂಥ ಕಡಿತವಿದ್ದರೆ ಅಷ್ಟು ಮೊತ್ತವನ್ನು ಕಳೆದು ಉಳಿದದ್ದನ್ನೇ ನಿಮ್ಮ ಸಂಬಳವೆಂದು ಹೋಮ್ ಆಫೀಸ್ ಎಣಿಸುತ್ತದೆ, ಆಗ 34,000 ಎಂಬುದು 33,400ರ ಕೆಳಗೆ ಜಾರುತ್ತದೆ. ಲೆಕ್ಕಿಗರು ದುರುದ್ದೇಶದಿಂದ ಕೇಳಿರಲಾರರು, ನಿಯಮ ಹೊಸದಾದ್ದರಿಂದ ಅನೇಕರಿಗೆ ತಿಳಿಯದು. ಸರ್ಕಾರದ ಮಾರ್ಗಸೂಚಿಯ ಆ ಭಾಗವನ್ನು ಮುದ್ರಿಸಿ ಅವರ ಕೈಗೆ ಕೊಡಿ. ನಿಮ್ಮ ವೀಸಾ ಶುಲ್ಕ ಮತ್ತು ಆರೋಗ್ಯ ಸರ್‌ಚಾರ್ಜನ್ನು ನೀವೇ ಕಟ್ಟಿಕೊಳ್ಳುವುದಾಗಿ ಹೇಳಬಹುದು, ಅದಕ್ಕೆ ನಿಯಮದ ಅಡ್ಡಿಯಿಲ್ಲ.

ಖಾಯಂ ನಿವಾಸದ ಬಗ್ಗೆ ಚಿಕ್ಕದಾಗಿ ಹೇಳುವೆ. ಈ ಮಾತು ಬರೆಯುವ ದಿನಕ್ಕೆ ಸ್ಕಿಲ್ಡ್ ವರ್ಕರ್ ಆಗಿ ಐದು ವರ್ಷ ಪೂರೈಸಿದವರು ಅರ್ಜಿ ಹಾಕಬಹುದು. ಗ್ರಾಜುಯೇಟ್ ವೀಸಾದ ಕಾಲ ಆ ಐದರಲ್ಲಿ ಸೇರುವುದಿಲ್ಲ. ಆದರೆ ಸರ್ಕಾರ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಅದನ್ನು ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಏರಿಸುವ ಉದ್ದೇಶವನ್ನು ಪ್ರಕಟಿಸಿ, ನವೆಂಬರಿನಲ್ಲಿ ವಿವರವಾದ ಪ್ರಸ್ತಾಪವನ್ನು ಸಾರ್ವಜನಿಕ ಅಭಿಪ್ರಾಯಕ್ಕೆ ಇಟ್ಟಿತು. ನೀವು ಐದು ವರ್ಷದ ಭರವಸೆಯ ಮೇಲೆ ಸಾಲದ ಲೆಕ್ಕವನ್ನೋ ಮನೆಯ ಲೆಕ್ಕವನ್ನೋ ಕಟ್ಟಬೇಡಿ.

ಉತ್ತರ: ಹುಬ್ಬಳ್ಳಿಯಿಂದ ಬರ್ಮಿಂಗ್‌ಹ್ಯಾಮ್‌ಗೆ

ಮೊದಲಿಗೆ, ಸಂಬಳ ಏರಿಸಲು ಒಪ್ಪಿದ ನಿಮ್ಮ ನಿರ್ದೇಶಕರ ಬಗ್ಗೆ ನನಗೆ ಗೌರವ ಮೂಡಿದೆ. ಈ ಕಂಪನಿಯಲ್ಲಿಯೇ ಮುಂದುವರಿಯಿರಿ.

ಪ್ರಯಾಣದ ವಿಷಯದಲ್ಲಿ ನಿಯಮ ಕಟ್ಟುನಿಟ್ಟಾಗಿದೆ. ದೇಶದೊಳಗಿನಿಂದ ಅರ್ಜಿ ಸಲ್ಲಿಸಿ ತೀರ್ಮಾನ ಬರುವ ಮೊದಲೇ ಭಾರತಕ್ಕೆ ಹೊರಟರೆ ಅರ್ಜಿಯನ್ನು ಹಿಂಪಡೆದಂತೆಯೇ ಪರಿಗಣಿಸುತ್ತಾರೆ. ಹಾಗಾಗಿ ಮದುವೆಗೆ ಹೋಗುವಾಗ ಯಾವ ಅರ್ಜಿಯೂ ಬಾಕಿ ಇರಬಾರದು. ನಿಮ್ಮ ಗ್ರಾಜುಯೇಟ್ ವೀಸಾ ನವೆಂಬರಿನವರೆಗೆ ಇರುವುದರಿಂದ ಮೇ ತಿಂಗಳಲ್ಲಿ ಅದರ ಮೇಲೆಯೇ ನಿಶ್ಚಿಂತೆಯಿಂದ ಹೋಗಿ ಬರಬಹುದು. ಕಂಪನಿ ಮಾರ್ಚ್‌ನಲ್ಲಿ ಪರವಾನಗಿಗೆ ಅರ್ಜಿ ಹಾಕಿದರೆ ನೀವು ಊರಿನಲ್ಲಿರುವ ಹೊತ್ತಿಗೆ ಅದರ ತೀರ್ಮಾನ ಬಂದಿರುವ ಸಾಧ್ಯತೆ ಹೆಚ್ಚು, ನಿಮ್ಮ ಪ್ರಯಾಣಕ್ಕೂ ಕಂಪನಿಯ ಪರವಾನಗಿಗೂ ಸಂಬಂಧವಿಲ್ಲ. ಜೂನ್‌ನಲ್ಲಿ ಹಿಂದಿರುಗಿ ಸಿಒಎಸ್ ಪಡೆದು, ಅದು ಕೈಸೇರಿದ ಮೂರು ತಿಂಗಳೊಳಗೆ ಅರ್ಜಿ ಹಾಕಿ. ಸಾಮಾನ್ಯ ಅರ್ಜಿಗೆ ಎಂಟು ವಾರದವರೆಗೆ ಹಿಡಿಯುತ್ತದೆ, 500 ಪೌಂಡ್ ಹೆಚ್ಚು ಕೊಟ್ಟರೆ ಐದು ಕೆಲಸದ ದಿನಗಳಲ್ಲಿ ತೀರ್ಮಾನವಾಗುವ ವ್ಯವಸ್ಥೆಯೂ ಇದೆ. ಸಮಯ ಸಾಕಷ್ಟಿರುವ ನಿಮಗೆ ಆ ಹಣ ಉಳಿಸುವುದೇ ಒಳ್ಳೆಯದು. ಒಂದು ವೇಳೆ ಪರವಾನಗಿ ತಡವಾಗಿ ಅಕ್ಟೋಬರಿಗೆ ಹೋದರೂ, ಗ್ರಾಜುಯೇಟ್ ವೀಸಾ ಮುಗಿಯುವ ಮೊದಲು ಅರ್ಜಿ ಸಲ್ಲಿಕೆಯಾಗಿದ್ದರೆ ಸಾಕು. ತೀರ್ಮಾನ ಬರುವವರೆಗೆ ನಿಮ್ಮ ಹಳೆಯ ವೀಸಾದ ಹಕ್ಕುಗಳು ಕಾನೂನಿನಂತೆ ಮುಂದುವರಿಯುತ್ತವೆ, ಕೆಲಸವನ್ನೂ ಮುಂದುವರಿಸಬಹುದು.

2026ರ ಜನವರಿ 8ರಿಂದ ಹೊಸಬರಿಗೆ ಬೇಕಾದ ಇಂಗ್ಲಿಷಿನ ಮಟ್ಟವನ್ನು ಬಿ1 ಎಂಬ ಹಂತದಿಂದ ಅದರ ಮೇಲಿನ ಬಿ2ಕ್ಕೆ ಏರಿಸಿದ್ದಾರೆ. ಇಲ್ಲಿನ ವಿಶ್ವವಿದ್ಯಾಲಯದ ಪದವಿ ಇರುವುದರಿಂದ ನಿಮಗೆ ಪ್ರತ್ಯೇಕ ಪರೀಕ್ಷೆ ಬೇಡ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಅಧಿಕೃತವಾಗಿ ವಾಸಿಸಿರುವುದರಿಂದ ಬ್ಯಾಂಕಿನಲ್ಲಿ 1,270 ಪೌಂಡ್ ತೋರಿಸುವ ಅಗತ್ಯವೂ ಇಲ್ಲ.

ನಿಮ್ಮ ವೀಸಾ ಮಂಜೂರಾದ ಮೇಲೆ ಗಂಡ ಭಾರತದಿಂದ ಅವಲಂಬಿತ ಸಂಗಾತಿಯಾಗಿ ಅರ್ಜಿ ಹಾಕಬಹುದು. ಅವರಿಗೆ ಕ್ಷಯರೋಗ ತಪಾಸಣೆಯ ಪ್ರಮಾಣಪತ್ರ ಬೇಕು, ಬೆರಳಚ್ಚು ಕೊಡಲು ಬೆಂಗಳೂರಿನಲ್ಲಿಯೇ ಕೇಂದ್ರವಿದೆ. ಹೊರದೇಶದಿಂದ ಮೂರು ವರ್ಷದವರೆಗಿನ ಅರ್ಜಿಗೆ 2026ರ ಫೆಬ್ರವರಿಯ ದರದಂತೆ 769 ಪೌಂಡ್, ಅದರ ಮೇಲೆ ಅವರ ಪಾಲಿನ ಆರೋಗ್ಯ ಸರ್‌ಚಾರ್ಜ್. ಸಂಗಾತಿಗಾಗಿ 285 ಪೌಂಡ್ ಉಳಿತಾಯ ತೋರಿಸಬೇಕು, ಇಲ್ಲವೇ ನಿಮ್ಮ ಕಂಪನಿ ಸಿಒಎಸ್‌ನಲ್ಲಿಯೇ ಆ ಜವಾಬ್ದಾರಿಯನ್ನು ದೃಢೀಕರಿಸಬಹುದು. ಬಂದ ಮೇಲೆ ಅವರು ಇಲ್ಲಿ ಕೆಲಸ ಮಾಡಬಹುದು, ಅದಕ್ಕೆ ಬೇರೆ ಸ್ಪಾನ್ಸರ್ ಬೇಡ. ವಿವಾಹ ನೋಂದಣಿಯನ್ನು ಮದುವೆಯ ವಾರದಲ್ಲಿಯೇ ಉಪನೋಂದಣಿ ಕಚೇರಿಯಲ್ಲಿ ಮಾಡಿಸಿ, ಪ್ರಮಾಣಪತ್ರದಲ್ಲಿ ಇಬ್ಬರ ಹೆಸರೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಅಕ್ಷರ ಅಕ್ಷರ ಹೊಂದುವಂತೆ ನೋಡಿಕೊಳ್ಳಿ. ತಂದೆಯ ಹೆಸರು, ಊರಿನ ಹೆಸರು, ಇನಿಷಿಯಲ್ಲು ಇವುಗಳ ಕ್ರಮ ನಮ್ಮಲ್ಲಿ ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇರುತ್ತದೆ, ತಡವಾಗುವುದು ಹೆಚ್ಚಾಗಿ ಅಲ್ಲಿಯೇ.

ಇನ್ನು, ಕಂಪನಿ ಸಿಒಎಸ್ ಕೊಟ್ಟ ದಿನ ಅದರ ವಿವರಗಳ ಪ್ರತಿಯನ್ನು ಕೇಳಿ ಪಡೆದು, ಆರಂಭ ಮತ್ತು ಮುಕ್ತಾಯದ ದಿನಾಂಕ, ವೃತ್ತಿಯ ಸಂಕೇತ ಸಂಖ್ಯೆ, ವಾರದ ಗಂಟೆ ಮತ್ತು ಮೂಲ ಸಂಬಳ, ಇವುಗಳನ್ನು ನಿಮ್ಮ ಒಪ್ಪಂದದ ಪಕ್ಕದಲ್ಲಿಟ್ಟು ಓದಿ. ಮುಕ್ತಾಯದ ದಿನಾಂಕ 2028ರ ನವೆಂಬರನ್ನು ದಾಟಿದ್ದರೆ ಶುಲ್ಕ ಕಟ್ಟುವ ಮೊದಲೇ ಸರಿಪಡಿಸಿಕೊಡಲು ಹೇಳಿ.